ಆರು ಮಂಚ, ಒಬ್ಬ ಸಿಸ್ಟರ್

2013ರ ಮಳೆಗಾಲ. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಪ್ರಿನ್ಸಿಪಾಲರು ಕರೆದು ಸುತ್ತೋಲೆಯೊಂದನ್ನು ಕೈಗೆ ಕೊಟ್ಟರು. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ನಾವೆಲ್ಲ ಯುಜಿಸಿ ಅನ್ನುವುದು, ಸಮುದಾಯ ಕಾಲೇಜು ಅಂತ ಒಂದು ಯೋಜನೆ ತಂದಿತ್ತು. 12ನೇ ಪಂಚವಾರ್ಷಿಕ ಯೋಜನೆಯ ಕಾಲ ಅದು. ಇರುವ ಕಾಲೇಜಿನಲ್ಲೇ ಕೈಕೆಲಸ ಕಲಿಸುವ ಕೋರ್ಸ್ ಶುರು ಮಾಡಬೇಕು, ಅದಕ್ಕೆ ಯುಜಿಸಿ ಹಣ ಕೊಡುತ್ತದೆ. "ಹಳ್ಳಿ ಸುತ್ತಿದವರು ನೀವು. ನೀವೇ ನೋಡ್ರಿ" ಅಂದರು.

ನನಗೆ ಅನುದಾನದ ಅರ್ಜಿ ಬರೆದು ಗೊತ್ತಿರಲಿಲ್ಲ. ಆದರೆ ಬೇಡ ಅನ್ನಲು ಮನಸ್ಸಾಗಲಿಲ್ಲ. ನಮ್ಮಲ್ಲಿ ಬಿಎ ಮುಗಿಸಿದ ಹುಡುಗರು ಆ ಬೇಸಿಗೆಯಲ್ಲೇ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಿದ್ದರು. ಮೂರು ವರ್ಷ ನನ್ನ ಮುಂದೆ ಕೂತು ಓದಿದವರು. ಹುಡುಗಿಯರು ಏನಾದರು ಅಂತಲೇ ಗೊತ್ತಾಗುತ್ತಿರಲಿಲ್ಲ. ಮದುವೆ ಆಯಿತು ಅಂತ ಯಾರೋ ಹೇಳುತ್ತಿದ್ದರು, ಅಷ್ಟೇ.

ಮೊದಲ ಕರಡು ಬರೆಯಲು ಒಂದು ವಾರ ಹಿಡಿಯಿತು. ಅಂಕಿಅಂಶ ಹುಡುಕುವುದು ಕಷ್ಟವಾಗಲಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಇಡೀ ಕರ್ನಾಟಕದ್ದು ಶೇ 75.36. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳದ್ದು ಶೇ 41.38. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ 39 ತಾಲೂಕುಗಳಲ್ಲಿ 21 ನಮ್ಮ ಗುಲಬರ್ಗಾ ವಿಭಾಗದವೇ. ಇದನ್ನೆಲ್ಲ ಹನ್ನೊಂದು ಪುಟ ತುಂಬಿಸಿದೆ. ನಮಗೆ ಅದಿಲ್ಲ, ಇದಿಲ್ಲ. ಓದಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು, ಹಾಗೆ ಬರೆದಿದ್ದೆ.

ಅರ್ಥಶಾಸ್ತ್ರದ ಮೇಡಂ ಒಬ್ಬರು ಅದನ್ನು ಓದಿ ಪೆನ್ಸಿಲ್ ತಗೊಂಡರು. ಹನ್ನೊಂದು ಪುಟದಲ್ಲಿ ಒಂದೂವರೆ ಪುಟ ಉಳಿಸಿದರು. "ಸರ, ನಾವು ಹಿಂದುಳಿದವರು ಅಂತ ಅವರಿಗೆ ಆಗಲೇ ಗೊತ್ತದ. ಅದಕ್ಕೇ ಅಲ್ವಾ ಯೋಜನೆ ಮಾಡಿದ್ದು? ಇಲ್ಲಿ ಯಾವ ಕೆಲಸಕ್ಕೆ ಜನ ಬೇಕಾಗ್ಯಾರ, ಅದನ್ನ ಬರೀರಿ" ಅಂದರು. ಆ ಮಾತು ಆವತ್ತು ಸ್ವಲ್ಪ ನೋಯಿಸಿತು. ಆದರೆ ಅಲ್ಲಿಂದಲೇ ನಿಜವಾದ ಕೆಲಸ ಶುರುವಾಯಿತು.

ಹದಿನೈದು ದಿನ ತಿರುಗಿದೆವು. ಹತ್ತಿ ಮಿಲ್ಲು, ತೊಗರಿ ಬೇಳೆ ಮಿಲ್ಲು, ಟ್ರ್ಯಾಕ್ಟರ್ ಶೋರೂಮು, ದವಾಖಾನೆ. ಹೊರಡುವಾಗ ನಮ್ಮೆಲ್ಲರ ತಲೆಯಲ್ಲಿ ಕಂಪ್ಯೂಟರ್ ಕೋರ್ಸ್ ಇತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ ಅಂದುಕೊಂಡಿದ್ದೆವು. ಆದರೆ ಹೋದ ಕಡೆಯೆಲ್ಲ ಕಂಪ್ಯೂಟರ್ ಬಲ್ಲ ಒಬ್ಬ ಹುಡುಗ ಆಗಲೇ ಇದ್ದ, ಇನ್ನೊಬ್ಬ ಬೇಕಿರಲಿಲ್ಲ. ದವಾಖಾನೆಗಳಲ್ಲಿ ಮಾತ್ರ ಬೇರೆ ಉತ್ತರ ಬಂತು. ನರ್ಸ್ ಇದ್ದಾರೆ, ಸಾಲುವುದಿಲ್ಲ. ರೋಗಿಯನ್ನು ಮಗ್ಗುಲಿಗೆ ಹೊರಳಿಸಲು, ಮೈ ಒರೆಸಲು, ಬಿಪಿ ನೋಡಿ ಬರೆದಿಡಲು, ಗಾಲಿಕುರ್ಚಿಯಲ್ಲಿ ಕರೆದೊಯ್ಯಲು ತರಬೇತಿ ಇದ್ದವರು ಯಾರೂ ಇಲ್ಲ. ಈ ಕೆಲಸಕ್ಕೆ ಒಂದು ಹೆಸರೂ ಇತ್ತು: ಜನರಲ್ ಡ್ಯೂಟಿ ಅಸಿಸ್ಟೆಂಟ್. ಆರೋಗ್ಯ ಕ್ಷೇತ್ರದ ಕೌಶಲ್ಯ ಮಂಡಳಿ ಅದಕ್ಕೆ ಏನೇನು ಬರಬೇಕು ಅಂತ ಪಟ್ಟಿ ಮಾಡಿಟ್ಟಿತ್ತು. ನಾವು ರೋಗಿ ಆರೈಕೆ ಕೋರ್ಸ್ ಅಂತ ಕರೆದೆವು.

ಅದೇ ವರ್ಷ ಡಿಸೆಂಬರ್ 27ರಂದು ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು ಪ್ರಕಟವಾಯಿತು, ಅಂದರೆ ಕೌಶಲ್ಯದ ಕೋರ್ಸುಗಳಿಗೆ ಇಡೀ ದೇಶಕ್ಕೆ ಒಂದೇ ಅಳತೆ. ಅದರ ಪ್ರಕಾರ ಕರಡನ್ನು ಮತ್ತೆ ಬರೆಯಬೇಕಾಯಿತು. ಇದು ಒಣ ವಿಷಯ ಅನ್ನಿಸಬಹುದು. ಆದರೆ ಮೊದಲ ವರ್ಷ ನಮ್ಮ ಕೋರ್ಸ್ ಉಳಿದದ್ದು ಇದರಿಂದಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರೆಡಿಟ್ ಅಂದರೆ ಎಷ್ಟು ಓದಿದರು ಅನ್ನುವುದರ ಲೆಕ್ಕ. ಆರು ತಿಂಗಳು ಓದಿದರೆ 30 ಕ್ರೆಡಿಟ್, ಸರ್ಟಿಫಿಕೇಟ್. ಒಂದು ವರ್ಷ ಓದಿದರೆ 60 ಕ್ರೆಡಿಟ್, ಡಿಪ್ಲೊಮಾ. ಆ 60ರಲ್ಲಿ 36 ಕೈಕೆಲಸಕ್ಕೆ, 24 ಭಾಷೆ, ಕಂಪ್ಯೂಟರ್ ತರಹದ ಸಾಮಾನ್ಯ ಪಾಠಕ್ಕೆ. ಮಧ್ಯದಲ್ಲಿ ಬಿಟ್ಟು ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ. ಆರು ತಿಂಗಳಿಗೆ ಬಿಟ್ಟರೆ ಆರು ತಿಂಗಳ ಸರ್ಟಿಫಿಕೇಟ್ ಸಿಗುತ್ತದೆ, ಬೇಕಾದಾಗ ಬಂದು ಮುಂದುವರಿಸಬಹುದು. ಕಾಗದದ ಮೇಲೆ ಓದಿದಾಗ ನನಗೆ ಇದು ದೊಡ್ಡದು ಅನ್ನಿಸಿರಲಿಲ್ಲ.

ಪ್ರಸ್ತಾವನೆ ಹೋಯಿತು. ಕೆಲವು ತಿಂಗಳ ಮೇಲೆ ದೆಹಲಿಗೆ ಬಂದು ವಿವರಿಸಿ ಅಂತ ಪತ್ರ ಬಂತು. ಪ್ರಿನ್ಸಿಪಾಲರೂ ನಾನೂ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ದಾರಿಯುದ್ದಕ್ಕೂ ಸಾಕ್ಷರತೆಯ ಅಂಕಿ ಬಾಯಿಪಾಠ ಮಾಡಿದ್ದೆ. ಅದನ್ನು ಯಾರೂ ಕೇಳಲಿಲ್ಲ. ತಜ್ಞರ ಸಮಿತಿಯಲ್ಲಿದ್ದ ಹಿರಿಯರೊಬ್ಬರು ನಮ್ಮ ಬಜೆಟ್ ಹಾಳೆ ತಿರುವಿ ಹಾಕಿದರು. ಆರು ಮಂಚ, ಒಂದು ಗೊಂಬೆ, ಬಿಪಿ ಯಂತ್ರ, ಗಾಲಿಕುರ್ಚಿ, ಸ್ಟ್ರೆಚರ್ ಎಲ್ಲ ಇತ್ತು. "ಇದರಲ್ಲಿ ಕಲಿಸುವವರು ಯಾರು?" ಅಂತ ಕೇಳಿದರು.

ನಮ್ಮ ಹತ್ತಿರ ಹೆಸರಿತ್ತು. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ದವಾಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ನರ್ಸ್. ತಾಲೂಕಿನಲ್ಲಿ ಅವರನ್ನು ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಅವರ ಬಗ್ಗೆ ಹೇಳಿದೆ. ಆ ಹಿರಿಯರು ತಲೆ ಆಡಿಸಿ, "ಅವರ ಗೌರವಧನವನ್ನು ಎಷ್ಟು ತಿಂಗಳಿಗೆ ಲೆಕ್ಕ ಹಾಕಿದ್ದೀರಿ?" ಅಂದರು. ಹತ್ತು ತಿಂಗಳು ಅಂದೆ. "ಎರಡನೇ ಕಂತು ಬರುವ ತನಕ ಹೇಗೆ ಕೊಡುತ್ತೀರಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಡಿಕೊಳ್ಳುತ್ತೇವೆ ಸರ್ ಅಂದುಬಿಟ್ಟೆ. ಆ ಪ್ರಶ್ನೆಯನ್ನು ಆವತ್ತು ಗಂಭೀರವಾಗಿ ತಗೊಂಡಿದ್ದರೆ ಮುಂದಿನ ಐದು ತಿಂಗಳ ಸಂಕಟ ಇರುತ್ತಿರಲಿಲ್ಲ.

ಮಂಜೂರಾಯಿತು. 2014ರ ಜುಲೈಯಲ್ಲಿ ಮೊದಲ ತಂಡ. ಸೀಟು 50. ಮೊದಲ ಕಂತು ಬಂದು ಅದಕ್ಕೆಂದೇ ತೆರೆದ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಬಿತ್ತು. ಖರೀದಿಗೆ ಕೊಟೇಶನ್, ಟೆಂಡರ್, ಸಮಿತಿ ಎಲ್ಲ ಆಗಿ ಮಂಚಗಳು ಬಂದವು. ಹಳೆಯ ಗ್ರಂಥಾಲಯದ ಕೋಣೆಯನ್ನು ವಾರ್ಡ್ ತರಹ ಮಾಡಿದೆವು. ಆ ಕೋಣೆ ನೋಡಿ ನಮಗೆಲ್ಲ ಬಹಳ ಹೆಮ್ಮೆ ಆಗಿತ್ತು.

ಆದರೆ ಮೊದಲ ಎರಡು ವಾರದಲ್ಲಿ ಸೇರಿದವರು ಹನ್ನೊಂದು ಜನ.

ಕರಪತ್ರ ಹಂಚಿದ್ದೆವು, ಊರೂರಲ್ಲಿ ಡಂಗುರ ಸಾರಿಸಿದ್ದೆವು. ಆಮೇಲೆ ಸಿಸ್ಟರೇ ಹೇಳಿದರು: "ಸರ, ಕಾಗದ ಹಂಚಿದ್ರ ಬರಂಗಿಲ್ರಿ. ಮನಿಗೆ ಹೋಗೋಣ." ನಡೆದೇಬಿಟ್ಟರು. ಅರವತ್ತು ದಾಟಿದ ಹೆಣ್ಣುಮಗಳು ಬಿಳಿ ಸೀರೆ ಉಟ್ಟು ಒಂದೊಂದೇ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಿದರು. ಎಷ್ಟೋ ಮನೆಗಳಲ್ಲಿ ಹುಡುಗಿ ಹುಟ್ಟಿದಾಗ ಹೆರಿಗೆ ಮಾಡಿಸಿದವರೇ ಅವರಾಗಿದ್ದರು. "ಈಕಿನ್ನ ನಾನೇ ಎತ್ತಿಕೊಂಡಿದ್ದೆ" ಅಂದರೆ ಯಾವ ತಂದೆ ಬೇಡ ಅನ್ನುತ್ತಾನೆ?

ಆದರೂ ಅಡ್ಡಿಗಳು ಇದ್ದವು. ಒಬ್ಬ ತಂದೆಯ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹಾಗೇ ಇದೆ. "ದವಾಖಾನ್ಯಾಗಿನ ಕೆಲಸ ಕೆಟ್ಟದ್ದು ಅಂತ ನಾ ಅನ್ನಂಗಿಲ್ರಿ ಸರ. ಆದ್ರ ನಮ್ಮೂರಿಗೆ ಕಡೀ ಬಸ್ ಸಂಜಿ ಐದೂವರಿಗೆ. ಅದು ತಪ್ಪಿದ್ರ ನನ್ನ ಮಗಳು ಎಲ್ಲಿ ನಿಲ್ಲಬೇಕು?" ಅವರು ಕೇಳಿದ್ದು ಅಷ್ಟೇ. ನಾವು ತರಗತಿ ಐದೂವರೆಗೆ ಮುಗಿಯುವಂತೆ ವೇಳಾಪಟ್ಟಿ ಮಾಡಿದ್ದೆವು. ಇಡೀ ಪ್ರಸ್ತಾವನೆಯಲ್ಲಿ ಬಸ್ ಅನ್ನುವ ಪದ ಎಲ್ಲೂ ಇರಲಿಲ್ಲ.

ಬೆಳಿಗ್ಗೆ ಒಂಬತ್ತರಿಂದ ನಾಲ್ಕಕ್ಕೆ ತರಗತಿ ಬದಲಿಸಿದೆವು. ಇನ್ನೊಂದು ತೊಂದರೆ ಆಮೇಲೆ ಗೊತ್ತಾಯಿತು. ವಿದ್ಯಾರ್ಥಿ ಪಾಸ್ ಊರಿಂದ ಕಾಲೇಜಿನ ತನಕ ಮಾತ್ರ. ತರಬೇತಿಗೆ ಹೋಗಬೇಕಿದ್ದ ದವಾಖಾನೆ ಬೇರೆ ಊರಲ್ಲಿ. ಅಲ್ಲಿಗೆ ದಿನಾ ಟಿಕೆಟ್ ತಗೊಳ್ಳಬೇಕು. ಆ ದುಡ್ಡಿಗೆ ಅನುದಾನದಲ್ಲಿ ಹೆಡ್ ಇಲ್ಲ. ಹೆಡ್ ಅಂದರೆ ಲೆಕ್ಕದ ಶೀರ್ಷಿಕೆ. ಗಾಲಿಕುರ್ಚಿಗೆ ಹೆಡ್ ಇದೆ, ಅದನ್ನು ತಳ್ಳುವುದು ಕಲಿಯಲು ಹೋಗುವ ಹುಡುಗಿಯ ಟಿಕೆಟ್ಟಿಗೆ ಇಲ್ಲ. ಒಂದು ಹೆಡ್‌ನ ಹಣ ಇನ್ನೊಂದಕ್ಕೆ ಬಳಸುವಂತಿಲ್ಲ. ನಾವು ಹತ್ತು ಜನ ಶಿಕ್ಷಕರು ತಿಂಗಳಿಗೆ ಇಷ್ಟು ಅಂತ ಹಾಕಿ ಟಿಕೆಟ್ ಕೊಡಿಸಿದೆವು. ಆಗಸ್ಟ್ ಮುಗಿಯುವಾಗ 37 ಮಕ್ಕಳಿದ್ದರು. ಅದರಲ್ಲಿ 29 ಹುಡುಗಿಯರು.

ಪಾಠ ಹೇಗಿತ್ತು ಅಂತ ಹೇಳಲೇಬೇಕು. ಪಠ್ಯ ಪೂರ್ತಿ ಇಂಗ್ಲಿಷಿನಲ್ಲಿತ್ತು. ಸಿಸ್ಟರ್ ಅದನ್ನು ರಾತ್ರಿ ಓದಿ, ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿ, ಬೆಳಿಗ್ಗೆ ಬರೆಸುತ್ತಿದ್ದರು. ಮಲಗಿದಲ್ಲೇ ಇರುವ ರೋಗಿಗೆ ಬೆನ್ನುಹುಣ್ಣು ಯಾಕೆ ಆಗುತ್ತದೆ, ಎರಡು ತಾಸಿಗೊಮ್ಮೆ ಯಾಕೆ ಹೊರಳಿಸಬೇಕು, ಸೊಂಟ, ಹಿಮ್ಮಡಿ, ಭುಜ ಎಲ್ಲಿ ಕೈಯಾಡಿಸಿ ನೋಡಬೇಕು ಅಂತ ಮಂಚದ ಮೇಲೆ ತಾವೇ ಮಲಗಿ ತೋರಿಸುತ್ತಿದ್ದರು. ದುಬಾರಿ ಗೊಂಬೆ ಮೂಲೆಯಲ್ಲಿ ಇರುತ್ತಿತ್ತು. "ಗೊಂಬಿ ನೋವಾದ್ರ ಅಂಗಿಲ್ಲ. ನಾ ಅಂತೀನಿ" ಅನ್ನುವರು. ಕೈ ತೊಳೆಯುವುದನ್ನೇ ಅವರು ನಾಲ್ಕು ದಿನ ಕಲಿಸಿದರು. ಮೊದಲು ನನಗೆ ಇದು ಜಾಸ್ತಿ ಆಯಿತು ಅನ್ನಿಸಿತ್ತು. ದವಾಖಾನೆಯಲ್ಲಿ ನಮ್ಮ ಮಕ್ಕಳನ್ನು ಮೊದಲು ಮೆಚ್ಚಿದ್ದು ಅದಕ್ಕೇ.

ದವಾಖಾನೆ ವಿಷಯಕ್ಕೆ ಬಂದರೆ, ನಮ್ಮ ದೊಡ್ಡ ತಪ್ಪು ಅಲ್ಲೇ ಆಯಿತು. ತರಬೇತಿಗೆ ಒಪ್ಪಂದ ಪತ್ರ ಬೇಕೇಬೇಕು, ಇಲ್ಲದಿದ್ದರೆ ಪ್ರಸ್ತಾವನೆಯೇ ನಿಲ್ಲುವುದಿಲ್ಲ. ಬೇಗ ಸಹಿ ಹಾಕಿಕೊಟ್ಟ ಒಂದು ಖಾಸಗಿ ಆಸ್ಪತ್ರೆಯನ್ನು ಹಿಡಿದುಕೊಂಡಿದ್ದೆವು. ಮೂರು ವಾರ ಆದಮೇಲೆ ಒಬ್ಬ ಹುಡುಗಿ ಬಂದು, "ಸರ, ನಾವು ಅಲ್ಲಿ ಕಲಿಯಾಕ ಹೋಗ್ತೀವೇನ್ರಿ, ಕಸಾ ಹೊಡಿಯಾಕ ಹೋಗ್ತೀವೇನ್ರಿ?" ಅಂದಳು. ಮರುದಿನ ಹೇಳದೆ ಹೋಗಿ ನೋಡಿದೆ. ಆರು ಹುಡುಗಿಯರು ಕಾರಿಡಾರ್ ಒರೆಸುತ್ತಿದ್ದರು. ಇಬ್ಬರು ಚೀಟಿ ಹರಿಯುವ ಕೌಂಟರಿನಲ್ಲಿ ಕೂತಿದ್ದರು. ಮೂರು ವಾರದಲ್ಲಿ ಒಬ್ಬಳಿಗೂ ರೋಗಿಯ ಪಕ್ಕ ನಿಲ್ಲಲು ಬಿಟ್ಟಿರಲಿಲ್ಲ. ಒಪ್ಪಂದ ಪತ್ರ ತೆಗೆದು ಓದಿದೆ. "ಪ್ರಾಯೋಗಿಕ ತರಬೇತಿ ನೀಡಲಾಗುವುದು" ಅಂತ ಒಂದೇ ಸಾಲು. ಯಾವ ತರಬೇತಿ, ದಿನಕ್ಕೆ ಎಷ್ಟು ತಾಸು, ಯಾರ ಉಸ್ತುವಾರಿಯಲ್ಲಿ, ಏನು ಮಾಡಿಸಬಾರದು, ಯಾವುದೂ ಇಲ್ಲ. ಬರೆದದ್ದು ನಾನೇ.

ಆವತ್ತೇ ಮಕ್ಕಳನ್ನು ವಾಪಸ್ ಕರೆತಂದೆವು. ಸಿಸ್ಟರ್ ತಮ್ಮ ಹಳೆಯ ಪರಿಚಯದಿಂದ ಸರ್ಕಾರಿ ದವಾಖಾನೆಯ ವೈದ್ಯಾಧಿಕಾರಿಯನ್ನು ಕಂಡರು. ಈ ಸಲ ಪತ್ರ ಎರಡು ಪುಟ ಆಯಿತು. ವಾರ್ಡಿನಲ್ಲಿ ಎಷ್ಟು ತಾಸು, ಒಬ್ಬ ನರ್ಸ್ ಜೊತೆ ಎಷ್ಟು ಮಕ್ಕಳು, ಪ್ರತಿದಿನ ಯಾರು ಡೈರಿಗೆ ಸಹಿ ಹಾಕಬೇಕು ಅಂತ ಬರೆದೆವು. ಕಸ ಗುಡಿಸುವ ಕೆಲಸ ತರಬೇತಿಯ ಭಾಗ ಅಲ್ಲ ಅಂತಲೂ ಬರೆದೆವು. ನೀವು ಇಂಥ ಕೋರ್ಸ್ ಮಾಡುವವರಾಗಿದ್ದರೆ ಈ ಪತ್ರಕ್ಕೆ ಒಂದು ವಾರ ಕೊಡಿ. ಮಂಚ ಆಮೇಲೂ ಕೊಳ್ಳಬಹುದು.

ನವೆಂಬರ್ ಬಂತು. ಹೊಲದ ಕೆಲಸ ಕಡಿಮೆಯಾದ ಮನೆಗಳಲ್ಲಿ ಗುಳೆಯ ಮಾತು ಶುರುವಾಯಿತು. ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಡುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲಾದರೂ. ಪ್ರತಿವರ್ಷ ಬಿಎ ತರಗತಿಯಲ್ಲೂ ಇದನ್ನು ನೋಡಿದ್ದೆವು. ಜನವರಿಯಲ್ಲಿ ಬೆಂಚುಗಳು ಖಾಲಿ. ಆಗ ಆ 30 ಕ್ರೆಡಿಟ್ಟಿನ ನಿಯಮ ನೆನಪಾಯಿತು. ಆರು ತಿಂಗಳ ಪಾಠವನ್ನು ಡಿಸೆಂಬರ್ ಕೊನೆಗೇ ಮುಗಿಸಿ ಪರೀಕ್ಷೆ ಮಾಡಿಬಿಟ್ಟರೆ? ಶನಿವಾರ, ಭಾನುವಾರ ಕೂಡ ತರಗತಿ ನಡೆಸಿದೆವು. ಮಕ್ಕಳೇ ಹಟ ಹಿಡಿದು ಬಂದರು. ಡಿಸೆಂಬರಿನಲ್ಲಿ 33 ಜನ ಪರೀಕ್ಷೆ ಬರೆದರು. ಅದರಲ್ಲಿ ಒಂಬತ್ತು ಜನ ಮನೆಯವರ ಜೊತೆ ಬೆಂಗಳೂರಿಗೆ ಹೋದರು. ಅವರಲ್ಲಿ ನಾಲ್ವರಿಗೆ ಅಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ಕೆಲಸ ಸಿಕ್ಕಿತು. ಅಪ್ಪ ಇಟ್ಟಿಗೆ ಹೊರುವ ಊರಲ್ಲೇ ಮಗಳು ವಾರ್ಡಿನಲ್ಲಿ ಕೆಲಸಕ್ಕೆ ನಿಂತಳು. ಒಬ್ಬಳು ಫೋನ್ ಮಾಡಿ ತಿಂಗಳ ಸಂಬಳ ಹೇಳಿದಾಗ ಸಿಸ್ಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೌಲ್ಯಮಾಪನದ ದಿನದ ಒಂದು ನೋವು ಇದೆ. ಹೊರಗಿಂದ ಬಂದಿದ್ದ ಮೌಲ್ಯಮಾಪಕರು ಹಿಂದಿಯಲ್ಲಿ ಪ್ರಶ್ನೆ ಕೇಳಿದರು. ಬಿಪಿ ಯಂತ್ರವನ್ನು ತಪ್ಪಿಲ್ಲದೆ ಬಳಸುವ ಹುಡುಗಿ ಬಾಯಿ ಬಿಡದೆ ನಿಂತುಬಿಟ್ಟಳು. ಸಿಸ್ಟರ್ ನಡುವೆ ಬಂದು, ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಲು ಬಿಡಿ ಅಂತ ಕೈಮುಗಿದು ಕೇಳಿಕೊಂಡರು. ಅವರು ಒಪ್ಪಿದರು. ಮುಂದಿನ ವರ್ಷ ನಾವು ಮೊದಲೇ ಪತ್ರ ಬರೆದು ಕನ್ನಡ ಬಲ್ಲವರನ್ನೇ ಕಳಿಸಿ ಅಂತ ಕೇಳಿದೆವು, ಕಳಿಸಿದರು. ಕೇಳಿದರೆ ಸಿಗುತ್ತದೆ ಅಂತ ಗೊತ್ತಿದ್ದರೆ ಮೊದಲ ವರ್ಷವೇ ಕೇಳುತ್ತಿದ್ದೆವು.

ಈಗ ಆ ಐದು ತಿಂಗಳು. ಹಣ ಖರ್ಚಾದ ಮೇಲೆ ಬಳಕೆ ಪ್ರಮಾಣಪತ್ರ ಕಳಿಸಬೇಕು, ನಾವು ಯುಸಿ ಅನ್ನುತ್ತೇವೆ. ಅದು ಸರಿಯಾಗಿ ಹೋಗದೆ ಮುಂದಿನ ಕಂತು ಬರುವುದಿಲ್ಲ. ಆಗ ಅದಕ್ಕೆ ಜಿಎಫ್‌ಆರ್, ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮದ, 19-ಎ ನಮೂನೆ ಇತ್ತು. 2017ರ ಹಣಕಾಸು ನಿಯಮ ಬಂದಮೇಲೆ 12-ಎ ಆಗಿದೆ. ನಮ್ಮ ಕಾಲೇಜಿನಿಂದ ಹೋದ ಯುಸಿಯಲ್ಲಿ ಎರಡು ತಪ್ಪಿದ್ದವು. ಬ್ಯಾಂಕಿನಲ್ಲಿ ಹಣಕ್ಕೆ ಬಂದ ಬಡ್ಡಿಯನ್ನು ತೋರಿಸಿರಲಿಲ್ಲ. ಉಪಕರಣದ ಹೆಡ್‌ನಲ್ಲಿ ಉಳಿದ ಹಣವನ್ನು ಖರ್ಚಾಗಿದೆ ಅಂತ ತೋರಿಸಿದ್ದೆವು, ಯಾಕೆಂದರೆ ಆರ್ಡರ್ ಕೊಟ್ಟಾಗಿತ್ತು. ಆರ್ಡರ್ ಕೊಟ್ಟದ್ದು ಖರ್ಚಲ್ಲ, ಬಿಲ್ ಪಾವತಿಯಾದರೆ ಮಾತ್ರ ಖರ್ಚು. ಪತ್ರ ವಾಪಸ್ ಬಂತು. ತಿದ್ದಿ, ಲೆಕ್ಕಪರಿಶೋಧಕರ ಸಹಿ ಹಾಕಿಸಿ ಮತ್ತೆ ಕಳಿಸುವಷ್ಟರಲ್ಲಿ ಐದು ತಿಂಗಳು ಹೋಯಿತು. ತಪ್ಪು ಪೂರ್ತಿ ನಮ್ಮದು.

ಆ ಐದು ತಿಂಗಳು ಸಿಸ್ಟರಿಗೆ ಒಂದು ರೂಪಾಯಿ ಕೊಡಲಾಗಲಿಲ್ಲ. ನಾನು ಮುಖ ಎತ್ತಿ ನೋಡದಂತೆ ತಿರುಗುತ್ತಿದ್ದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಖಾತೆಯಲ್ಲಿ ಉಪಕರಣದ ಹಣ ಇತ್ತು, ಮುಟ್ಟುವಂತಿರಲಿಲ್ಲ. ದೆಹಲಿಯಲ್ಲಿ ಆ ಹಿರಿಯರು ಕೇಳಿದ್ದು ಇದನ್ನೇ. ಈಗ ನನ್ನನ್ನು ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಕಲಿಸುವವರ ಆರು ತಿಂಗಳ ಗೌರವಧನಕ್ಕೆ ಅನುದಾನದ ಹೊರಗೆ ಒಂದು ದಾರಿ ಮಾಡಿಕೊಂಡೇ ಕೋರ್ಸ್ ಶುರು ಮಾಡಿ. ಕಾಲೇಜು ಅಭಿವೃದ್ಧಿ ನಿಧಿ ಇರಬಹುದು, ಹಳೆಯ ವಿದ್ಯಾರ್ಥಿಗಳ ಸಂಘ ಇರಬಹುದು. ನಾವು ಎರಡನೇ ವರ್ಷದಿಂದ ಹಾಗೆ ಮಾಡಿದೆವು.

ಮೂರು ತಂಡ ಆದವು. ಯೋಜನಾ ಅವಧಿ 2017ಕ್ಕೆ ಮುಗಿಯಿತು. ಅನುದಾನ ನಿಂತಮೇಲೆ ಒಂದು ವರ್ಷ ಕಡಿಮೆ ಶುಲ್ಕ ತಗೊಂಡು ನಡೆಸಿದೆವು. ಶುಲ್ಕ ಅಂದ ಕೂಡಲೇ ಬರಬೇಕಾದ ಮಕ್ಕಳೇ ಬರಲಿಲ್ಲ. ಸಿಸ್ಟರಿಗೂ ಆರೋಗ್ಯ ಕೆಟ್ಟಿತು, ಕಲಬುರಗಿಗೆ ಮಗನ ಮನೆಗೆ ಹೋದರು. ಕೋರ್ಸ್ ನಿಂತಿತು. ಆರು ಮಂಚಗಳೂ ಗೊಂಬೆಯೂ ಕೋಣೆಯಲ್ಲಿ ಉಳಿದವು. ಪ್ರತಿವರ್ಷ ದಾಸ್ತಾನು ಪರಿಶೀಲನೆಗೆ ಬಾಗಿಲು ತೆಗೆದಾಗ ನನಗೆ ಒಳಗೆ ಹೋಗಲು ಆಗುತ್ತಿರಲಿಲ್ಲ. 2018ರಲ್ಲಿ ಯಾದಗಿರಿ, ರಾಯಚೂರು ಎರಡೂ ದೇಶದ ಮಹತ್ವಾಕಾಂಕ್ಷಿ ಜಿಲ್ಲೆಗಳ, ಅಂದರೆ ಹಿಂದುಳಿದಿದ್ದಕ್ಕೆ ಕೇಂದ್ರ ವಿಶೇಷ ಗಮನ ಕೊಡುವ ಜಿಲ್ಲೆಗಳ, ಪಟ್ಟಿಗೆ ಸೇರಿದವು. ಇನ್ನೊಂದು ಪಟ್ಟಿ ಅಂತ ಬೇಜಾರಾಗಿತ್ತು ಆವತ್ತು.

2023ರ ಜೂನ್‌ನಲ್ಲಿ ಎರಡು ವಿಷಯ ಒಟ್ಟಿಗೆ ಬಂದವು. ಒಂದು, ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಕೇಂದ್ರ ಹಣ ಕೊಡುವ ಹಳೆಯ ರೂಸಾ ಯೋಜನೆ ಪಿಎಂ-ಉಷಾ ಆಗಿ ಹೊಸ ಮಾರ್ಗಸೂಚಿ ಹೊರಬಂತು. 2023-24ರಿಂದ 2025-26ರ ತನಕ 12,926.10 ಕೋಟಿ ರೂಪಾಯಿ. ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40 ಪಾಲು. ಕಾಲೇಜು ಬಲಪಡಿಸಲು 5 ಕೋಟಿ ತನಕ. ಹಿಂದುಳಿದ ಜಿಲ್ಲೆಗಳಿಗೆ ಆದ್ಯತೆ. ಇನ್ನೊಂದು, ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಕಾಲೇಜಿಗೆ ಎರಡನೆಯದರ ಪರಿಣಾಮ ಮೊದಲು ಕಂಡಿತು. ಆ ವರ್ಷ ನಮ್ಮ ತರಗತಿಗಳಲ್ಲಿ ದೂರದ ಹಳ್ಳಿಗಳ ಹುಡುಗಿಯರು ಹೆಚ್ಚಾದರು. ನಮ್ಮ ಮೊದಲ ತಂಡದ ಟಿಕೆಟ್ಟಿಗೆ ತಿಂಗಳ ಕೊನೆಯಲ್ಲಿ ಚಿಲ್ಲರೆ ಎಣಿಸಿದ್ದು ನೆನಪಾಗಿ ಕಣ್ಣು ತುಂಬಿತು. ಬಸ್ಸಿನ ಸಮಯ ಮಾತ್ರ ಇನ್ನೂ ಬದಲಾಗಿಲ್ಲ.

ಹೊಸ ಪ್ರಸ್ತಾವನೆ ಬರೆಯಲು ಈಗ ಒಬ್ಬ ಕಿರಿಯ ಸಹೋದ್ಯೋಗಿ ಇದ್ದಾರೆ. ಮೊದಲ ಹಾಳೆಯಲ್ಲಿ ಉಪಕರಣದ ಪಟ್ಟಿ ತಂದರು. ನಾನು ಹಳೆಯ ಫೈಲ್ ಕೊಟ್ಟೆ. ಅದರ ಜೊತೆ ಸಿಸ್ಟರ್ ಕಲಬುರಗಿಗೆ ಹೋಗುವಾಗ ನನ್ನ ಕೈಗೆ ಇಟ್ಟ ಏಳು ನೋಟ್‌ಬುಕ್ಕುಗಳನ್ನೂ ಕೊಟ್ಟೆ, ಕನ್ನಡದ ಪಾಠಗಳು. ಮರುವಾರ ಅವರು ತಂದ ಹಾಳೆಯಲ್ಲಿ ಮೊದಲ ಸಾಲು ಕಲಿಸುವವರ ಗೌರವಧನ, ಎರಡನೆಯದು ಕನ್ನಡ ಪಠ್ಯ ಅಚ್ಚು ಹಾಕಿಸುವುದು. ಮಂಚ ಒಂದೂ ಇಲ್ಲ. ಇರುವ ಆರಕ್ಕೆ ಬಣ್ಣ ಹೊಡೆಸಿದರೆ ಸಾಕು.

ಕಲಿಸಲು ಯಾರನ್ನು ಕರೆಯೋಣ ಅಂತ ಕೇಳಿದರು. ಮೊದಲ ತಂಡದ ಹುಡುಗಿಯೊಬ್ಬಳು, ಕಸ ಹೊಡೆಯುವ ಬಗ್ಗೆ ನನ್ನನ್ನು ಪ್ರಶ್ನೆ ಕೇಳಿದವಳು, ಆಮೇಲೆ ನರ್ಸಿಂಗ್ ಓದಿ ಈಗ ಜಿಲ್ಲೆಯಲ್ಲೇ ಕೆಲಸದಲ್ಲಿದ್ದಾಳೆ. ಫೋನ್ ಮಾಡಿದೆ. ರಜೆಯ ದಿನಗಳಲ್ಲಿ ಬರಲು ಒಪ್ಪಿದಳು. "ಬರ್ತೀನ್ರಿ ಸರ. ಆದ್ರ ನಾಕರ ಒಳಗ ಮುಗಿಸ್ರಿ. ನಮ್ಮೂರ ಕಡೆ ಹುಡುಗೇರು ಐದೂವರಿ ಬಸ್ಸಿಗೆ ಹೋಗಬೇಕು" ಅಂದಳು. ವೇಳಾಪಟ್ಟಿಯಲ್ಲಿ ಹಾಗೇ ಬರೆದಿದ್ದೇವೆ.